ಬದುವಿನ ಮೇಲಿನ ಬಿಳಿ ಹೂವು
(ದಾಳಿಂಬದ ಕಬ್ಬು ಬೆಳೆಗಾರರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



2016ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ವಾಂಗರಾಟ್ಟಾ ಎಂಬ ಊರಿಗೆ ಒಣಹುಲ್ಲಿನ ತೆನೆಗಳು ಗಾಳಿಯಲ್ಲಿ ಉರುಳಿ ಬಂದು ಮನೆಗಳ ಬಾಗಿಲನ್ನೇ ಮುಚ್ಚಿಬಿಟ್ಟವು. ಜನರಿಗೆ ಗಂಟೆಗಟ್ಟಲೆ ಅದನ್ನು ಎತ್ತಿ ಹಾಕುವುದೇ ಕೆಲಸವಾಯಿತು. ಪಕ್ಕದ ಹೊಲವನ್ನು ಸರಿಯಾಗಿ ನೋಡಿಕೊಳ್ಳದ್ದೇ ಕಾರಣವೆಂದು ಅವರು ದೂರಿದರು.

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಭಾಗಕ್ಕೆ ಬಂದ ಕಸ ಹೀಗೆ ಉರುಳಿ ಬರಲಿಲ್ಲ, ಸದ್ದಿಲ್ಲದೆ ಬಂದಿತು. ನಾವು ಕಾಂಗ್ರೆಸ್ ಕಸ ಎನ್ನುತ್ತೇವೆ. ಎಲೆ ಗಜ್ಜರಿಯಂತಿರುವುದರಿಂದ ಮರಾಠಿಯಲ್ಲಿ ಗಾಜರ ಗವತ. ಶಾಸ್ತ್ರದ ಹೆಸರು ಪಾರ್ಥೇನಿಯಂ. 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಅಮೆರಿಕದ ಗೋಧಿಯ ಜೊತೆ ಬಂದಿತೆಂದು ಸಾಮಾನ್ಯ ಅಭಿಪ್ರಾಯ. ಹೆಸರಿನ ಬಗ್ಗೆ ಕಥೆಗಳು ಹಲವು, ಪಕ್ಷದ ಮಾತು ಇಲ್ಲಿ ಬೇಡ.

ಒಂದು ದೊಡ್ಡ ಗಿಡ ಹದಿನೈದು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಗಾಳಿ, ಕಾಲುವೆ ನೀರು, ಟ್ರ್ಯಾಕ್ಟರಿನ ಗಾಲಿಗೆ ಹತ್ತಿದ ಕೆಸರು, ಎಲ್ಲವೂ ಅದಕ್ಕೆ ಗಾಡಿಯೇ. ಚೆನ್ನಾಗಿ ಕಳಿಯದ ತಿಪ್ಪೆಗೊಬ್ಬರದ ಮೂಲಕ ನಾವೇ ಹಣ ಕೊಟ್ಟು ತರುವುದೂ ಉಂಟು.

ಕಬ್ಬು ಎದ್ದು ನೆರಳು ಕವಿದ ಮೇಲೆ ಸಾಲಿನೊಳಗೆ ಈ ಕಸ ಸೊರಗುತ್ತದೆ. ಅದನ್ನು ನೋಡಿ "ನನ್ನ ಹೊಲ ಸ್ವಚ್ಛ" ಎಂದು ಸುಮ್ಮನಾಗುತ್ತೇವೆ. ಬದು, ಬಾವಿಯ ಸುತ್ತು, ಗಾಡಿದಾರಿ ಯಾರ ಲೆಕ್ಕಕ್ಕೂ ಇಲ್ಲ. ಮುಂದಿನ ನಾಟಿಗೆ, ಕೂಳೆಗೆ ಬೀಜ ಬರುವುದು ಅಲ್ಲಿಂದಲೇ. ಮೊದಲ ಮೂರು ನಾಲ್ಕು ತಿಂಗಳು ಕಸದ ಪೈಪೋಟಿಗೆ ಸಿಕ್ಕ ಕಬ್ಬು ಆಮೇಲೆ ಎಷ್ಟು ಗೊಬ್ಬರ ಕೊಟ್ಟರೂ ಚೇತರಿಸಿಕೊಳ್ಳುವುದು ಕಷ್ಟ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಈ ಗಿಡ ಮುಟ್ಟಿದ ಕೆಲವರಿಗೆ ತುರಿಕೆ ಹತ್ತಿ ಚರ್ಮ ದಪ್ಪವಾಗಿ ಒಡೆಯುತ್ತದೆ, ಪರಾಗದಿಂದ ಉಬ್ಬಸ ಬರುತ್ತದೆ. ಒಮ್ಮೆ ಹತ್ತಿದರೆ ವರ್ಷಗಟ್ಟಲೆ ಬಿಡದು. ನಾವು ಬದುವಿನ ಮೇಲೆ ನಿಂತು ತೋರಿಸುತ್ತೇವೆ, ಬರಿಗೈಯಿಂದ ಕೀಳುವವರು ಕೂಲಿ ಹೆಣ್ಣುಮಕ್ಕಳು. ಕೈಗವಸು, ಮೂಗಿಗೆ ಬಟ್ಟೆ ಕೊಡುವ ಖರ್ಚು ಹೊಲದ ಒಡೆಯನದೇ. ಅವರ ಪಗಾರದಲ್ಲಿ ಅದನ್ನು ಮುರಿಯಬೇಡಿ. ದನ ಇದನ್ನು ತಿಂದರೆ ಹಾಲೂ ಕಹಿ.

ಮೊಳೆತ ಸುಮಾರು ನಾಲ್ಕು ವಾರಕ್ಕೆ ಹೂ ಬರುತ್ತದೆ. ಆದ್ದರಿಂದ ಮಳೆ ಬಿದ್ದು ಮೂರು ವಾರದೊಳಗೆ, ನೆಲ ಹಸಿ ಇರುವಾಗ, ಬೇರು ಸಮೇತ ಕೀಳಿರಿ. ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಿಟ್ಟದ್ದನ್ನು ಹಾಕಬೇಡಿ. ರಸ್ತೆ ಬದಿ, ಕಲ್ಲುಗುಪ್ಪೆಯ ಗಿಡಕ್ಕೆ ಲೀಟರ್ ನೀರಿಗೆ 200 ಗ್ರಾಂ ಅಡಿಗೆ ಉಪ್ಪು ಕರಗಿಸಿ ಬಿಸಿಲಲ್ಲಿ ಸಿಂಪಡಿಸಿ. ಎರೆಭೂಮಿಯ ಹೊಲದೊಳಗೆ ಮಾತ್ರ ಉಪ್ಪು ಬೇಡ.

ಮಳೆಗಾಲದಲ್ಲಿ ಎಲೆ ತಿನ್ನುವ, ಬಿಳಿಚು ಮೈಮೇಲೆ ಕಪ್ಪು ಗೆರೆಯ ಸಣ್ಣ ದುಂಬಿ ಕಂಡರೆ ಕೊಲ್ಲಬೇಡಿ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಕೀಟವದು. ಸೂರ್ಯಕಾಂತಿಯ ಮೇಲೂ ಕಂಡು ಒಮ್ಮೆ ಗಾಬರಿ ಎದ್ದಿತ್ತು, ಆದರೆ ಅದರ ಮುಖ್ಯ ಆಹಾರ ಈ ಕಸವೇ. ಬೇಸಿಗೆಯಲ್ಲಿ ಮಣ್ಣಿನಲ್ಲಿ ಅಡಗುವುದರಿಂದ ಅದೊಂದನ್ನೇ ನಂಬಿ ಕೂಡಲಾಗದು.

ಒಬ್ಬರು ಕಿತ್ತು ಪಕ್ಕದವರು ಬಿಟ್ಟರೆ ಕೂಲಿ ದಂಡ. ಈ ಸಲ ಒಂದೇ ಕಾಲುವೆಯ ನೀರಿನವರು ಕೂಡಿ ಒಂದು ದಿನ ಗೊತ್ತುಮಾಡಿ, ನಮ್ಮ ಕ್ಷೇತ್ರ ಸಹಾಯಕನಿಗೆ ಮೊದಲೇ ತಿಳಿಸಿ. ಅವನೂ ಬರುತ್ತಾನೆ, ನಾನೂ ಬರುತ್ತೇನೆ.