ಪೊರಕೆಯ ಮುಂದಿರುವ ಪ್ಲಾಟಿನಂ

ನಿಮ್ಮ ಕಾಲೇಜಿನ ಭೂವಿಜ್ಞಾನ ವಿಭಾಗದ ಈ ಶಿಲೆ ಮತ್ತು ಖನಿಜಗಳ ಪ್ರದರ್ಶನಕ್ಕೆ ಪ್ರೀತಿಯಿಂದ ಕರೆದಿದ್ದೀರಿ, ಬಂದಿದ್ದೇನೆ. ಒಳಗೆ ಏನೇನಿದೆ ಎಂದು ವಿವರಿಸಲು ಮಕ್ಕಳು ಸಿದ್ಧರಾಗಿ ನಿಂತಿದ್ದಾರೆ. ಆ ಕೆಲಸ ಅವರದೇ. ನಾನು ಬಲ್ಲದ್ದು ಪ್ಲಾಟಿನಂ, ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಚನ್ನಗಿರಿ ತಾಲ್ಲೂಕಿನ ಹನುಮಲಾಪುರದಲ್ಲಿ ಪ್ಲಾಟಿನಂ ಗುಂಪಿನ ಲೋಹಗಳಿವೆ. ಭೂವಿಜ್ಞಾನಿಯಾಗಿ ನನ್ನ ಒಳ್ಳೆಯ ದಿನಗಳು ಕಳೆದದ್ದು ಅಲ್ಲೇ. ಸುತ್ತಿಗೆಯಿಂದ ಬಂಡೆ ಒಡೆದು, ಚೀಲಕ್ಕೆ ತುಂಬಿ, ನಂಬರು ಬರೆದು ಲ್ಯಾಬಿಗೆ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಿದ್ದೆವು. ಸಾಮಾನ್ಯ ಬಂಡೆಯಲ್ಲಿ ಟನ್ನಿಗೆ ಕೆಲವೇ ಮಿಲಿಗ್ರಾಂ ಪ್ಲಾಟಿನಂ. ಒಂದೆರಡು ಗ್ರಾಂ ಇದೆ ಎಂದು ವರದಿ ಬಂದ ದಿನ ಕ್ಯಾಂಪಿನಲ್ಲಿ ಪಾಯಸದೂಟ.

ಅಷ್ಟು ಅಪರೂಪದ ಲೋಹವನ್ನು ಈಗ ನಮ್ಮ ವಾಹನಗಳೇ ಬೀದಿಗೆ ಚೆಲ್ಲುತ್ತಿವೆ. ಹೊಗೆ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಜೇನುಗೂಡಿನಂಥ ಪಿಂಗಾಣಿ ಇರುತ್ತದೆ. ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ತೆಳು ಲೇಪ. ಕಾರ್ಬನ್ ಮಾನಾಕ್ಸೈಡಿನಂಥ ವಿಷಾನಿಲಗಳನ್ನು ಅದು ಬಹುಮಟ್ಟಿಗೆ ನಿರುಪದ್ರವಿಯಾಗಿಸುತ್ತದೆ. ಸೀಸ ತಗುಲಿದರೆ ಈ ಲೇಪ ಕೆಡುತ್ತದೆ. ಹಾಗಾಗಿಯೇ 1995ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಕನ್ವರ್ಟರ್ ಕಡ್ಡಾಯವಾದಾಗ ಸೀಸವಿಲ್ಲದ ಪೆಟ್ರೋಲೂ ಬಂತು, 2000ದಲ್ಲಿ ದೇಶಕ್ಕೆಲ್ಲ ಹಬ್ಬಿತು. ಇದರಿಂದ ಎಷ್ಟೋ ಮಕ್ಕಳ ರಕ್ತ ಸೀಸದಿಂದ ಪಾರಾಗಿದೆ. ಕನ್ವರ್ಟರ್ ಬೇಡ ಎನ್ನುವವನು ನಾನಲ್ಲ.

ಆದರೆ ಕಾವಿಗೆ, ಕುಲುಕಾಟಕ್ಕೆ ಆ ಲೇಪ ಸವೆದು ಹೊಗೆಯೊಡನೆ ಹೊರಬೀಳುತ್ತದೆ. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ರಸ್ತೆಬದಿಯ ಧೂಳಿನಲ್ಲಿ ಪ್ಲಾಟಿನಂ ಸಿಕ್ಕಿದ ವರದಿ 1986ರಲ್ಲೇ ಬಂತು. 2001ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲೂ ಇದರ ಏರಿಕೆ ಕಂಡಿತು. ನಮ್ಮ ನೆರೆಯ ಹೈದರಾಬಾದಿನ ರಸ್ತೆ ಧೂಳಿನಲ್ಲಿ ಮೂರೂ ಲೋಹಗಳು ಇರುವುದನ್ನು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ವಾಹನ ದಟ್ಟಣೆ ಹೆಚ್ಚಿದ್ದಲ್ಲಿ ಲೋಹವೂ ಹೆಚ್ಚು.

ಶುದ್ಧ ಪ್ಲಾಟಿನಂ ಸುಲಭಕ್ಕೆ ಯಾವುದರೊಡನೆಯೂ ಬೆರೆಯುವುದಿಲ್ಲ, ನಿಜ. ಕ್ಲೋರಿನ್ ಸೇರಿದ ಅದರ ಲವಣಗಳು ಮಾತ್ರ ಹಾಗಲ್ಲ. ಲೋಹ ಶುದ್ಧೀಕರಿಸುವ ಕಾರ್ಖಾನೆಗಳ ಕೆಲಸಗಾರರಿಗೆ ಅವು ಅಸ್ತಮಾ ತಂದಿವೆ. ಪಲ್ಲಾಡಿಯಂ ಇನ್ನೂ ಬೇಗ ಕರಗಿ ಗಿಡದ ಬೇರಿಗೆ ಸೇರುತ್ತದೆ. ಜೊತೆಗೆ ಅದೇ ಧೂಳಿನಲ್ಲಿ ಬ್ರೇಕಿನ ತಾಮ್ರ ಮತ್ತು ಆಂಟಿಮನಿ, ಟೈರಿನ ಸತು.

ಈ ಧೂಳನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಉಸಿರಾಡುವವರು ಪೌರಕಾರ್ಮಿಕರು. ನಾನು ಬೆಳಗಿನ ವಾಕಿಂಗ್ ಹೋಗುವ ಹೊತ್ತಿಗೆ ಮೇಲ್ಸೇತುವೆಯ ಕೆಳಗೆ ಒಣ ಪೊರಕೆಯ ಸದ್ದು ಶುರುವಾಗಿರುತ್ತದೆ. ಸೆರಗೇ ಗುಡಿಸುವ ಹೆಂಗಸರ ಮಾಸ್ಕು. ಕಲ್ಲು ಅರೆಯುವ ಕೋಣೆಗೆ ಮಾಸ್ಕಿಲ್ಲದೆ ಕಾಲಿಡಲು ನಮ್ಮ ಹಿರಿಯರು ನನ್ನನ್ನು ಬಿಡುತ್ತಿರಲಿಲ್ಲ. ಭೂವಿಜ್ಞಾನಿಗೆ ಸಿಕ್ಕ ಆ ರಕ್ಷಣೆ ಬೀದಿ ಗುಡಿಸುವ ತಾಯಿಗೆ ಏಕೆ ಸಿಗಬಾರದು? ಮುಖ್ಯ ರಸ್ತೆಗಳಲ್ಲಿ ಒಣ ಗುಡಿಸುವಿಕೆ ನಿಲ್ಲಬೇಕು. ಧೂಳನ್ನು ನೀರು ಚಿಮುಕಿಸಿ ಅಡಗಿಸಿ, ಯಂತ್ರದಿಂದ ಹೀರಿ ತೆಗೆಯಬೇಕು. ಕೈಯಲ್ಲಿ ಗುಡಿಸಲೇಬೇಕಾದ ಕಡೆ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕು ಕೊಡಬೇಕು. ಹಳೆಯ ಕನ್ವರ್ಟರುಗಳನ್ನು ಗುಜರಿಯಲ್ಲಿ ಬರಿಗೈಯಿಂದ ಒಡೆಯುವುದೂ ನಿಲ್ಲಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ಮುಂದಿನ ವರ್ಷದ ಪ್ರದರ್ಶನದಲ್ಲಿ ಈ ಕಾಲೇಜಿನ ಮುಂದಿನ ಸಿಗ್ನಲ್ಲಿನ ಧೂಳೂ ಒಂದು ಮಾದರಿಯಾಗಿರಲಿ. ಶೋಧಿಸಿ, ತೂಗಿ, ಲ್ಯಾಬಿಗೆ ಕಳಿಸಿ, ಬಂದ ಅಂಕಿಯನ್ನು ಪಾಲಿಕೆಗೆ ಕೊಡಿ. ಅಂಕಿ ಕೈಯಲ್ಲಿದ್ದರೆ ಪೌರಕಾರ್ಮಿಕರ ಪರವಾಗಿ ಕೇಳುವವರ ದನಿಗೆ ಬಲ ಬರುತ್ತದೆ. ಪ್ರದರ್ಶನ ಉದ್ಘಾಟನೆಯಾಗಿದೆ, ಎಲ್ಲರೂ ಒಳಗೆ ಬನ್ನಿ.