ಹೊಸ್ತಿಲಿನಾಚೆಯ ಮನೆ

ಮನೆ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ನಾಲ್ಕು ಗೋಡೆ, ಒಂದು ಸೂರು, ಒಂದು ಹೊಸ್ತಿಲು. ಆದರೆ ಮನೆಯೆಂಬುದು ಹೊಸ್ತಿಲಿನಲ್ಲಿಯೇ ಮುಗಿಯುತ್ತದೆಯೆ? ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ಗ್ರಂಥಗಳಲ್ಲ, ನನ್ನ ತಾಯಿಯ ಕೊನೆಯ ವರ್ಷಗಳು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟನ್ನು ಬಿಟ್ಟು ಜನ ಹೊರಗೆ ಬರಬೇಕಾಯಿತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಸಂಕಟದ ಹಿನ್ನೆಲೆಯಲ್ಲಿ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಈ ಬಡಾವಣೆಗಳನ್ನು ರೂಪಿಸಿದವರು ನಿವೇಶನಗಳನ್ನಷ್ಟೇ ಅಳೆದು ಕೊಡಲಿಲ್ಲ. ಉದ್ಯಾನ, ಶಾಲೆ, ಮಾರುಕಟ್ಟೆಗಳಿಗೂ ನೆಲವನ್ನು ಬಿಟ್ಟರು.

ನನ್ನ ತಂದೆ ಜಯನಗರದಲ್ಲಿ ಮನೆ ಕಟ್ಟಿಸಿದ್ದು 1967ರಲ್ಲಿ. ಮೂವತ್ತು ನಲವತ್ತರ ನಿವೇಶನ, ಕೆಂಪು ಗಾರೆಯ ನೆಲ, ಗೇಟಿನ ಬಳಿ ಒಂದು ಪಾರಿಜಾತ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು. ಇದ್ದ ಮೂರು ಕೋಣೆಗಳಲ್ಲಿ ನಾವು ಏಳು ಜನ ಬಾಳಿದೆವು. ಇಕ್ಕಟ್ಟೆಂದು ಯಾರಿಗೂ ಅನಿಸಿದ್ದು ನೆನಪಿಲ್ಲ. ನನ್ನ ಓದುವ ಕೋಣೆ ಸಾರ್ವಜನಿಕ ಗ್ರಂಥಾಲಯದಲ್ಲಿತ್ತು. ತಾತನವರ ಜಗಲಿ ಉದ್ಯಾನದ ಕಲ್ಲು ಬೆಂಚು. ಅಮ್ಮನ ಪಡಸಾಲೆ ಅಡ್ಡರಸ್ತೆಯ ಹಿಟ್ಟಿನ ಗಿರಣಿ. ರಾಗಿ ಬೀಸಿಸುವ ನೆಪದಲ್ಲಿ ಕೇರಿಯ ಮದುವೆ, ಬಾಣಂತನ, ಸಾಲಸೋಲಗಳೆಲ್ಲ ಅಲ್ಲಿಯೇ ವಿಚಾರಣೆಗೆ ಬರುತ್ತಿದ್ದವು.

ಎಪ್ಪತ್ತೈದು ದಾಟಿದ ಮೇಲೆ ಅಮ್ಮನ ದೃಷ್ಟಿ ಮಂದವಾಯಿತು. ಆದರೂ ಆಕೆ ಒಬ್ಬಳೇ ಹೋಗಿಬರುತ್ತಿದ್ದಳು. ಬಿಸಿ ಹಿಟ್ಟಿನ ವಾಸನೆ ಬಂದರೆ ಎಡಕ್ಕೆ ತಿರುಗಬೇಕು. ಹೂವಾಡಗಿತ್ತಿಯ ದನಿ ಕೇಳಿದರೆ ಗುಡಿ ಬಂತೆಂದು ತಿಳಿಯಬೇಕು. ಕೇರಿಯೇ ಆಕೆಗೆ ಕಣ್ಣಾಗಿತ್ತು.

ಮುಂದೆ ಗಿರಣಿ ಮುಚ್ಚಿತು. ಅದರ ಜಾಗದಲ್ಲಿ ನಾಲ್ಕಂತಸ್ತಿನ ಮಳಿಗೆ ಎದ್ದಿತು. ಕಾಲುದಾರಿಯ ಮೇಲೆ ಸ್ಕೂಟರುಗಳು ನಿಂತವು. ಕೊಳವೆಗೆಂದು ಅಗೆದವರು ಚಪ್ಪಡಿಯನ್ನು ಓರೆಯಾಗಿಯೇ ಬಿಟ್ಟುಹೋದರು. ಒಂದು ಸಂಜೆ ಅಮ್ಮ ಅದನ್ನು ಎಡವಿ ಬಿದ್ದಳು. ಮಣಿಕಟ್ಟಿನ ಮೂಳೆ ಆರು ವಾರಗಳಲ್ಲಿ ಕೂಡಿಕೊಂಡಿತು. ಆದರೆ ಆಕೆ ಮತ್ತೆ ಗೇಟು ದಾಟಲಿಲ್ಲ.

ಅಷ್ಟರಲ್ಲಿ ನಾವು ಮಹಡಿ ಕಟ್ಟಿಸಿದ್ದೆವು. ಕೋಣೆಗಳು ಏಳಾಗಿದ್ದವು, ಇರುವವರು ನಾಲ್ವರು. ಆಗ ಅಮ್ಮ ಒಂದು ದಿನ, "ಮನೆ ಬಹಳ ಚಿಕ್ಕದಾಗಿಬಿಟ್ಟಿತು ಕಣಪ್ಪ" ಎಂದಳು. ಸಾಲಮಾಡಿ ಕಟ್ಟಿಸಿದವನು ನಾನು. ಆ ಮಾತು ನನ್ನನ್ನು ಚುಚ್ಚಿತು. ವಯಸ್ಸಿನ ಮರುಳೆಂದುಕೊಂಡು ಸುಮ್ಮನಾದೆ. ಮೂವತ್ತು ವರ್ಷ ತರಗತಿಯಲ್ಲಿ ಪದಗಳ ಅರ್ಥವನ್ನು ಬಿಡಿಸಿ ಹೇಳಿದವನಿಗೆ ತಾಯಿಯ ಒಂದು ಮಾತಿನ ಅರ್ಥವಾದದ್ದು, ನಾನೂ ನಿವೃತ್ತನಾಗಿ, ಕೈಯಲ್ಲಿ ಚೀಲ ಹಿಡಿದು, ಆ ಗೇಟಿನ ಬಳಿ ರಸ್ತೆ ದಾಟಲಾರದೆ ನಿಂತಾಗ. ಅದನ್ನು ಹೇಳಲು ಆಗ ಆಕೆ ಇರಲಿಲ್ಲ.

ಈಗ ನನ್ನ ಮಕ್ಕಳು ಈ ಮನೆಯನ್ನು ಕೆಡವಿ ಫ್ಲಾಟುಗಳನ್ನು ಕಟ್ಟಿಸೋಣವೆನ್ನುತ್ತಾರೆ. ಲಿಫ್ಟ್ ಇರುತ್ತದೆ, ಕಾವಲುಗಾರನಿರುತ್ತಾನೆ. ಅವರ ಮಾತಿನಲ್ಲಿ ತಪ್ಪಿಲ್ಲ. ನನ್ನ ಮಂಡಿಗಳೂ ಅವರ ಪಕ್ಷವನ್ನೇ ವಹಿಸುತ್ತವೆ. ನಾನು ಇನ್ನೂ ಒಪ್ಪಿಲ್ಲ, ಬೇಡವೆಂದೂ ಹೇಳಿಲ್ಲ. ಒಂದನ್ನು ಮಾತ್ರ ಕೇಳಿದ್ದೇನೆ: ಚದರಡಿಯ ಲೆಕ್ಕ ಹಾಕುವಾಗ, ಆ ಬಾಗಿಲಿನಿಂದ ಮುದುಕನೊಬ್ಬ ಯಾರ ಕೈಯನ್ನೂ ಹಿಡಿಯದೆ ಎಲ್ಲಿಯವರೆಗೆ ನಡೆದುಹೋಗಬಲ್ಲ ಎಂಬುದನ್ನೂ ಅಳೆಯಿರಿ. ಮನೆಯ ನಿಜವಾದ ಅಳತೆ ಅದು.