ಮೆಕ್ಯಾನಿಕ್ ಮುಂದೆ ಮಾತ್ರ ಸಾಧುವಾಗುವ ಬೈಕು



ನಮ್ಮೂರಿನ ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಇದಕ್ಕೆ 'ಮಿಸ್ಸಿಂಗ್' ಅನ್ನುತ್ತಾರೆ. ಬೈಕು ಚೆನ್ನಾಗಿಯೇ ಓಡುತ್ತಿರುತ್ತದೆ, ಇದ್ದಕ್ಕಿದ್ದಂತೆ ಒಂದೆರಡು ಬಡಿತ ತಪ್ಪುತ್ತದೆ, ಕುಲುಕುತ್ತದೆ, ಮತ್ತೆ ಸರಿಹೋಗುತ್ತದೆ. ಪೂರ್ತಿ ಕೆಟ್ಟ ಬೈಕನ್ನು ರಿಪೇರಿ ಮಾಡುವುದು ಸುಲಭ. ಆಗೊಮ್ಮೆ ಈಗೊಮ್ಮೆ ಕೆಡುವುದೇ ಕಷ್ಟ. ಗ್ಯಾರೇಜಿಗೆ ಒಯ್ದರೆ ಅದು ಹಾಲು ಕೊಡುವ ಹಸುವಿನ ಹಾಗೆ ನಿಂತಿರುತ್ತದೆ.

ನನ್ನದು ಹಳೆಯ, ಎರಡು ಸಿಲಿಂಡರಿನ, ಕಾರ್ಬುರೇಟರ್ ಇರುವ ಬೈಕು. ನವೆಂಬರಿನ ಒಂದು ಬೆಳಿಗ್ಗೆ ಐಂಡ್‌ಹೋವನ್‌ನಿಂದ ಉಟ್ರೆಕ್ಟ್ ಕಡೆಗೆ ಎ2 ಹೆದ್ದಾರಿಯಲ್ಲಿ ಹೋಗುತ್ತಿದ್ದೆ. ಮಂಜು ಮುಸುಕಿತ್ತು. ಎಂಜಿನ್ ಮೊದಲು ತೊದಲಿತು. ಆಕ್ಸಿಲರೇಟರ್ ಬಿಟ್ಟ ಕೂಡಲೇ ನಿಂತೇಹೋಯಿತು. ಹಿಂದೆ ಒಂದು ಲಾರಿ. ಅಂಚಿಗೆ ಸರಿಯುವಷ್ಟು ವೇಗ ಉಳಿದಿತ್ತು, ಅಷ್ಟೇ. ನಿಮಗೂ ಹೀಗಾದರೆ ಬೈಕಿನ ಪಕ್ಕ ನಿಂತು ಪ್ಲಗ್ ಬಿಚ್ಚಲು ಹೋಗಬೇಡಿ. ಮೊದಲು ರಸ್ತೆಯಂಚಿನ ಕಬ್ಬಿಣದ ತಡೆಯ ಆಚೆಗೆ ಹೋಗಿ ನಿಲ್ಲಿ. ದಟ್ಟಣೆಯ ಹೊತ್ತಿನಲ್ಲಿ ಇಲ್ಲಿ ಕೆಲವು ಕಡೆ ಹಸಿರು ಬಾಣ ತೋರಿಸಿ ಆ ಅಂಚಿನ ಪಟ್ಟಿಯನ್ನೂ ವಾಹನಗಳಿಗೆ ಬಿಟ್ಟಿರುತ್ತಾರೆ. ಅಂಥ ಕಡೆ ನಿಂತರೆ ತಡಮಾಡದೆ 112ಕ್ಕೆ ಫೋನ್ ಮಾಡಬೇಕು.

ಹತ್ತು ನಿಮಿಷ ಕಾದು ಒತ್ತಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು! ಮನೆವರೆಗೂ ತಕರಾರಿಲ್ಲ.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಪ್ಲಗ್, ಪ್ಲಗ್ ಕ್ಯಾಪ್, ಏರ್ ಫಿಲ್ಟರ್ ಮೂರನ್ನೂ ಒಂದೇ ಶನಿವಾರ ಬದಲಿಸಿದೆ. ಹಾಗೆ ಮಾಡಿದರೆ ಬೈಕು ಸರಿಯಾದರೂ ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ. ನನಗಂತೂ ಸರಿಯೂ ಆಗಲಿಲ್ಲ. ಎರಡು ವಾರಕ್ಕೆ ಮತ್ತೆ ಅದೇ ಕಥೆ. "ಮಾರಿಬಿಡಿ ಅದನ್ನ" ಅಂದಳು ಮನೆಯವಳು. ಅವಳು ಹೇಳಿದ್ದು ತಪ್ಪೇನಲ್ಲ, ಲಾರಿಯ ವಿಷಯ ಅವಳಿಗೆ ಗೊತ್ತಾಗಿತ್ತು.

ಆಗ ಒಂದು ಚಿಕ್ಕ ಪುಸ್ತಕ ಇಟ್ಟೆ. ಮಿಸ್ಸಿಂಗ್ ಬಂದಾಗಲೆಲ್ಲ ಬರೆಯುವುದು: ಎಷ್ಟು ಡಿಗ್ರಿ, ಮಳೆಯೋ ಮಂಜೋ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್, ಹೊರಟು ಎಷ್ಟು ಹೊತ್ತಾಗಿತ್ತು, ಎಷ್ಟು ವೇಗ. ಬರದೇ ಇದ್ದ ದಿನವನ್ನೂ ಬರೆಯಬೇಕು, ಅದೇ ಮುಖ್ಯ.

ಚಳಿಗಾಲ ಮುಗಿದು ಬೇಸಿಗೆ ದಾಟುವ ಹೊತ್ತಿಗೆ ಪುಸ್ತಕ ಮಾತಾಡತೊಡಗಿತು. ಆಗಸ್ಟಿನ ಜಡಿಮಳೆಯಲ್ಲಿ ಒಂದು ಸಲವೂ ಬಂದಿರಲಿಲ್ಲ. ಹಾಗಾಗಿ ಒದ್ದೆಯಾದಾಗ ಕಿಡಿ ಸೋರುವ ಪ್ಲಗ್ ವೈರಿನ ಮೇಲೆ ಅನುಮಾನ ಕಡಿಮೆಯಾಯಿತು. (ಅದನ್ನು ಪರೀಕ್ಷಿಸಲು ಸುಲಭದ ದಾರಿಯಿದೆ. ಕತ್ತಲಲ್ಲಿ, ಮನೆಯ ಹೊರಗೆ, ಎಂಜಿನ್ ಓಡುವಾಗ ವೈರು, ಕ್ಯಾಪುಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರಿನ ತುಂತುರು ಹಾಯಿಸಿ. ಸೋರುತ್ತಿದ್ದರೆ ನೀಲಿ ಕಿಡಿ ಹರಿದಾಡುವುದು ಕಾಣುತ್ತದೆ. ಮುಟ್ಟಬೇಡಿ, ಸಾವಿರಾರು ವೋಲ್ಟ್ ಇರುತ್ತದೆ.) ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೂ ಪೆಟ್ರೋಲ್ ಇಳಿಯದೆ ಹೀಗೇ ಆಗುತ್ತದೆ. ಆದರೆ ಅದಕ್ಕೆ ಚಳಿ, ಸೆಕೆ ಎಂಬ ಭೇದವಿಲ್ಲ, ಮುಚ್ಚಳ ಒಮ್ಮೆ ತೆರೆದರೆ ಸರಿಹೋಗಬೇಕು. ನನ್ನದು ಹೋಗಲಿಲ್ಲ.

ಪೆಟ್ರೋಲಿನಲ್ಲಿ ನೀರು? 2019ರ ಅಕ್ಟೋಬರಿನಿಂದ ನೆದರ್‌ಲ್ಯಾಂಡ್ಸ್‌ನ ಬಂಕುಗಳಲ್ಲಿ ಸಾಮಾನ್ಯ 95 ಪೆಟ್ರೋಲ್ ಎಂದರೆ ಇ10, ಅಂದರೆ ಶೇಕಡಾ 10ರವರೆಗೆ ಎಥನಾಲ್. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಚಳಿಗಾಲವಿಡೀ ನಿಲ್ಲಿಸಿದ ಬೈಕಿನಲ್ಲಿ ನೀರು ಬೇರ್ಪಟ್ಟು ತಳಕ್ಕೆ ಕೂರಬಹುದು. ಊರಿನಲ್ಲಿ ಈಗ ಶೇಕಡಾ 20 ಇರುವುದರಿಂದ ನಿಮ್ಮ ತಮ್ಮಂದಿರ ಬೈಕುಗಳಿಗೂ ಈ ಮಾತು ಸಲ್ಲುತ್ತದೆ. ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲನ್ನು ಗಾಜಿನ ಸೀಸೆಗೆ ಇಳಿಸಿ ನೋಡಿದರೆ ಗೊತ್ತಾಗುತ್ತದೆ. ನನ್ನದರಲ್ಲಿ ತಳದಲ್ಲಿ ಏನೂ ಇರಲಿಲ್ಲ. ಅಲ್ಲದೆ ನೀರಿದ್ದರೆ ಸುಮ್ಮನೆ ಹತ್ತು ನಿಮಿಷ ನಿಂತ ಮಾತ್ರಕ್ಕೆ ಮಾಯವಾಗುತ್ತದೆಯೇ?

ಉಳಿದದ್ದು ಇಷ್ಟು: ಪ್ರತಿ ಸಲವೂ 3ರಿಂದ 9 ಡಿಗ್ರಿಯೊಳಗೆ, ಮಂಜು ಅಥವಾ ಜಿನುಗು ಮಳೆ, ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿದ ಮೇಲೆ. ಊರೊಳಗೆ ಎಂದೂ ಇಲ್ಲ. ಒಣ ಚಳಿಯಲ್ಲಿ, ಸೊನ್ನೆಗಿಂತ ಕೆಳಗೆ ಇಳಿದ ದಿನವೂ ಇಲ್ಲ.

ಇದು ಕಾರ್ಬುರೇಟರಿನೊಳಗೆ ಮಂಜುಗಡ್ಡೆ ಕಟ್ಟುವ ತೊಂದರೆ. ಬೆಂಗಳೂರಿನಲ್ಲಿ ಬೈಕು ಓಡಿಸಿ ಬಂದ ನನಗೆ ಇದು ತಲೆಗೇ ಹೊಳೆದಿರಲಿಲ್ಲ. ಇಂಜೆಕ್ಷನ್ ಕೊಡುವ ಮುಂಚೆ ಸ್ಪಿರಿಟ್ ಒರೆಸಿದಾಗ ತೋಳು ತಣ್ಣಗಾಗುತ್ತದಲ್ಲ, ಹಾಗೆಯೇ ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿಯೂ ಒತ್ತಡ ಇಳಿದು ತಣಿಯುತ್ತದೆ. ಹೊರಗೆ 6 ಡಿಗ್ರಿ ಇದ್ದರೂ ಒಳಗೆ ಸೊನ್ನೆಗಿಂತ ಎಷ್ಟೋ ಕೆಳಕ್ಕೆ ಹೋಗುತ್ತದೆ. ಗಾಳಿಯಲ್ಲಿದ್ದ ತೇವ ಥ್ರಾಟಲ್ ಪಟ್ಟಿಯ ಸುತ್ತ, ಸಣ್ಣ ರಂಧ್ರಗಳ ಬಾಯಲ್ಲಿ ಹೆಪ್ಪುಗಟ್ಟುತ್ತದೆ. ನಿಲ್ಲಿಸಿದಾಗ ಎಂಜಿನ್ನಿನ ಬಿಸಿ ಮೇಲೇರಿ ಅದನ್ನು ಕರಗಿಸುತ್ತದೆ, ಸಾಕ್ಷಿಯೂ ಕರಗಿಹೋಗುತ್ತದೆ. ಸೊನ್ನೆಗಿಂತ ಕೆಳಗಿನ ಒಣಗಾಳಿಯಲ್ಲಿ ಹೆಪ್ಪುಗಟ್ಟಲು ತೇವವೇ ಇರುವುದಿಲ್ಲ. ಊರೊಳಗೆ ನಿಂತು ನಿಂತು ಹೋಗುವಾಗ ಬಿಸಿ ಅಲ್ಲೇ ಸುಳಿಯುತ್ತಿರುತ್ತದೆ.

ಮುಂದಿನ ನವೆಂಬರಿನಲ್ಲಿ ತೊದಲು ಶುರುವಾದ ಕೂಡಲೇ, ನಿಲ್ಲುವ ಮುಂಚೆಯೇ, ಒಂದು ಬಂಕಿಗೆ ತಿರುಗಿಸಿದೆ. ಕೈಗವಸು ತೆಗೆದು ಕಾರ್ಬುರೇಟರ್ ಮುಟ್ಟಿದೆ. ಪಕ್ಕದ ಎಂಜಿನ್ ಸುಡುತ್ತಿತ್ತು, ಅದರ ಲೋಹದ ಮೇಲೆ ಬಿಳಿ ಹಿಮ. ಫೋಟೋ ತೆಗೆದುಕೊಂಡೆ, ಅಷ್ಟರಲ್ಲೇ ಅಂಚು ಕರಗಿ ತೊಟ್ಟಿಕ್ಕತೊಡಗಿತ್ತು.

ಯುರೋಪಿಗೆ ಬಂದ ಕೆಲವು ಬೈಕುಗಳಿಗೆ ತಯಾರಕರೇ ಕಾರ್ಬುರೇಟರಿಗೆ ವಿದ್ಯುತ್ ಹೀಟರ್ ಹಾಕಿಸಿರುತ್ತಾರೆ. ನನ್ನದಕ್ಕೂ ಇತ್ತು, ವೈರು ತುಕ್ಕು ಹಿಡಿದು ತುಂಡಾಗಿತ್ತು, ಅಷ್ಟೇ. ಇಲ್ಲದ ಬೈಕಿಗೆ ಪೆಟ್ರೋಲಿಗೆ ಬೆರೆಸುವ ಹಿಮತಡೆ ದ್ರವ ಸಿಗುತ್ತದೆ. ಇಂಜೆಕ್ಷನ್ ಬೈಕುಗಳಲ್ಲಿ ಈ ಕಾಟ ಅಪರೂಪ. ಅಲ್ಲಿ ಮೊದಲು ಬ್ಯಾಟರಿ ತುದಿಗಳನ್ನೂ ಸೈಡ್ ಸ್ಟ್ಯಾಂಡಿನ ಸ್ವಿಚ್ಚನ್ನೂ ನೋಡಿ.

ಗ್ಯಾರೇಜಿಗೆ ಹೋಗುವಾಗ ಪುಸ್ತಕವನ್ನೂ ತೆಗೆದುಕೊಂಡು ಹೋಗಿ. ನಾನು ಹೀಟರ್ ವೈರು ಬೆಸೆಸಲು ಹೋದಾಗ ಅಲ್ಲಿನ ಹಿರಿಯ ಮೆಕ್ಯಾನಿಕ್ ಬೈಕಿಗಿಂತ ಮೊದಲು ಅದನ್ನು ಓದಿದರು, ಎರಡು ಪುಟ ತಿರುಗಿಸಿ ನಕ್ಕು, ಬೆಸುಗೆ ಕಡ್ಡಿ ಕಾಯಲು ಇಟ್ಟರು.